ನಂಜುಂಡ ಡಂಡಾಸನಾದ ವರ್ಷ

ಹೋದ ತಿಂಗಳು ಉದಕಮಂಡಲದಲ್ಲಿ ನಮ್ಮ ಯಜಮಾನರ ಕಡೆಯವರ ಮದುವೆಯಿತ್ತು. ಊಟ ಮುಗಿಸಿ ಕೈತೊಳೆಯಲು ಛತ್ರದ ಹಿಂದಕ್ಕೆ ಹೋದೆ. ಬ್ಯಾಂಡಿನವನೊಬ್ಬ ಕಟ್ಟೆಯ ಮೇಲೆ ಕೂತು ತನ್ನ ವಾದ್ಯದ ಕೀಲಿಗೆ ಡಬ್ಬಿಯಿಂದ ಏನೋ ತೆಗೆದು ಸವರುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ‘ಅಯ್ಯೋ ನಿನ್ನ’ ಎಂದು ಹೊರಟುಹೋಯಿತು. ಪಾಪ, ಅವನು ಗಾಬರಿಯಾಗಿ ನನ್ನನ್ನು ನೋಡಿದ. ನಾನು ಬೈದದ್ದು ಅವನನ್ನಲ್ಲ. ಕುರಿಕೊಬ್ಬಿನ ಆ ವಾಸನೆಗೆ ನನ್ನ ತಮ್ಮ ನಂಜುಂಡ ನೆನಪಾಗಿದ್ದ. ಅವನು ತೀರಿಹೋಗಿ ಎಷ್ಟೋ ವರ್ಷಗಳಾದವು. ಅವನ ಮೇಲಿನ ಸಿಟ್ಟು ಮಾತ್ರ ನನ್ನಲ್ಲಿ ಇನ್ನೂ ಗಟ್ಟಿಮುಟ್ಟಾಗಿದೆ.

ನಾನು ಮದುವೆಯಾಗಿ ಮೈಸೂರಿನಿಂದ ಊಟಿಗೆ ಬಂದವಳು. ನಮ್ಮ ಯಜಮಾನರದು ಮಾರ್ಕೆಟ್ಟಿನ ಹಿಂದೆ ಆಲೂಗಡ್ಡೆ ಮಂಡಿ. ನಂಜನಾಡಿನಿಂದ, ತುಮ್ಮನಟ್ಟಿಯಿಂದ ಮೂಟೆಗಳು ಬರುತ್ತಿದ್ದವು. ದೊರೆಗಳ ಹೋಟೆಲುಗಳಿಗೆ, ಬಂಗಲೆಗಳಿಗೆ ತರಕಾರಿ ಹೋಗುತ್ತಿತ್ತು. ಮಂಡಿಗೆ ಅಂಟಿದಂತೆ ಮನೆ. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ. ಅತ್ತೆಯೆಂದರೆ ಮೂರು ಹೊತ್ತು ಲಿಂಗಪೂಜೆ ಮಾಡಿ, ಬೇರೆಯವರು ಮುಟ್ಟಿದ ನೀರನ್ನೂ ಶೋಧಿಸಿ ಕುಡಿಯುವ ಹೆಂಗಸು.

ನಂಜುಂಡ ಹುಡುಗನಾಗಿದ್ದಾಗಲೇ ಬ್ಯಾಂಡಿಗೆ ಬಿದ್ದ. ಮೇಷ್ಟರ ಮಗ ಮೇಷ್ಟರಾಗಲಿ ಎಂದು ಅಪ್ಪ ಬಡಿದುಕೊಂಡರೂ ಕೇಳದೆ ಕ್ಲಾರಿಯೊನೆಟ್ ಕಲಿತ. ಆಮೇಲೆ ಬೆಂಗಳೂರಿನ ದಂಡಿನಲ್ಲಿ ಯಾವನೋ ಸೋಲ್ಜರು ಊರಿಗೆ ಹೊರಟಾಗ ಅವನಿಂದ ಸ್ಯಾಕ್ಸೊಫೋನ್ ಎಂಬ ಹಿತ್ತಾಳೆಯ ಸೊಟ್ಟ ಕೊಳವೆಯನ್ನು ಕೊಂಡ. ಗ್ರಾಮಫೋನು ಪ್ಲೇಟು ಹಾಕಿಕೊಂಡು, ಅದರಲ್ಲಿ ಕೇಳಿದ್ದನ್ನೆಲ್ಲ ಊದಿ ಊದಿ ಜಾಜ್ ಎನ್ನುವುದನ್ನು ತಾನೇ ಕಲಿತುಕೊಂಡ. ಮೂಕಿ ಸಿನಿಮಾಗಳ ಕಾಲದಲ್ಲಿ ಪರದೆಯ ಮುಂದೆ ಕೂತು ಬಾರಿಸುವ ಕೆಲಸವೂ ಸಿಕ್ಕಿತು. ಅವನು ನೆಲೆಯೂರಿದ ಎಂದು ನಾವು ಉಸಿರು ಬಿಡುವಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು, ಬಾರಿಸುವವರನ್ನೆಲ್ಲ ಮನೆಗೆ ಕಳಿಸಿದರು. ನನ್ನ ತಮ್ಮನ ಅದೃಷ್ಟ ಯಾವತ್ತೂ ಹೀಗೆಯೇ. ಅವನು ಹತ್ತುವಷ್ಟರಲ್ಲಿ ಬಂಡಿ ಹೊರಟುಹೋಗಿರುತ್ತದೆ.

ಆ ವರ್ಷ ಯುಗಾದಿ ಕಳೆದ ಮೇಲೆ, ಊಟಿಯ ಸೀಸನ್ ಶುರುವಾಗುವ ಹೊತ್ತಿಗೆ, ಕಪ್ಪು ಪೆಟ್ಟಿಗೆಯೊಂದನ್ನು ಎದೆಗೆ ಅವುಚಿಕೊಂಡು ನಮ್ಮ ಬಾಗಿಲಿಗೆ ಬಂದ. ದೊಡ್ಡ ಹೋಟೆಲೊಂದರಲ್ಲಿ ದೊರೆಗಳು ಕುಣಿಯುವುದಕ್ಕೆ ಬ್ಯಾಂಡು ಬೇಕಂತೆ. ಮಂಗಳೂರಿನ ಕಡೆಯ ಫರ್ನಾಂಡಿಸ್ ಎಂಬವರು ಬ್ಯಾಂಡು ಕಟ್ಟಿದ್ದಾರಂತೆ, ಇವನನ್ನು ಕರೆದಿದ್ದಾರಂತೆ. ಮಳೆ ಹಿಡಿಯುವವರೆಗೆ ನಮ್ಮಲ್ಲಿ ಇರುತ್ತಾನಂತೆ. ಉಟ್ಟ ಬಟ್ಟೆ ಬಿಟ್ಟರೆ ಇನ್ನೊಂದು ಜೊತೆ ತಂದಿರಲಿಲ್ಲ. ಊಟಿಯ ಚಳಿಗೆ ಒಂದು ಕಂಬಳಿಯೂ ಇಲ್ಲ. ಪೆಟ್ಟಿಗೆಯೊಳಗಿನ ವಾದ್ಯಕ್ಕೆ ಮಾತ್ರ ಮಕಮಲ್ಲಿನ ಹಾಸಿಗೆ ಇತ್ತು.

ಮಾರನೆಯ ಬೆಳಿಗ್ಗೆಯೇ ಶುರುವಾಯಿತು. ಹಾಡಾದರೂ ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಒಂದೇ ಸ್ವರವನ್ನು ಹಿಡಿದು, ಉಸಿರು ಮುಗಿಯುವವರೆಗೆ ಎಳೆದು, ಮತ್ತೆ ಅದನ್ನೇ ಎಳೆಯುತ್ತಿದ್ದ. ಹಾಲು ಕೊಡಲು ತುಮ್ಮನಟ್ಟಿಯಿಂದ ಬರುತ್ತಿದ್ದ ಮಾದಿಯಕ್ಕ ಈ ಬೆಟ್ಟದ ಬಡಗರವಳು. ಅವಳು ತಲೆಯ ಮೇಲಿನ ಬಿಳಿ ವಸ್ತ್ರ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. “ಎಮ್ಮೆ ಕರುವ ಕಾಣದೆ ಕೂಗುವ ಹಂಗೆ” ಎಂದಳು. ಅದಕ್ಕಿಂತ ಹೆಚ್ಚು ತನಗೆ ಗೊತ್ತಿಲ್ಲವೆಂದು ಹಾಲು ಅಳೆದು ಹೋದಳು. ಅವಳು ತಪ್ಪೇನೂ ಹೇಳಲಿಲ್ಲ.

ಅತ್ತೆಯ ತಕರಾರು ಬೇರೆ. ಊದಿದ್ದೆಲ್ಲ ಎಂಜಲು, ಎಂಜಲ ಕೊಳವೆ ದೇವರ ಗೂಡಿನ ಪಕ್ಕದ ಕೋಣೆಯಲ್ಲಿ ಇರಕೂಡದು. ಅದರ ಗುಂಡಿಗಳ ಅಡಿಯಲ್ಲಿ ಚರ್ಮದ ಬಿಲ್ಲೆಗಳಿವೆ ಎಂದು ಇವನೇ ಬಾಯಿಬಿಟ್ಟು ಹೇಳಿದ. ಯಾರು ಕೇಳಿದ್ದರು ಇವನನ್ನು? ಆವತ್ತೇ ಪೆಟ್ಟಿಗೆಗೂ ಅವನಿಗೂ ಮಂಡಿಯ ಉಗ್ರಾಣಕ್ಕೆ ವರ್ಗವಾಯಿತು. ಆಲೂಗಡ್ಡೆ ಮೂಟೆಗಳ ನಡುವೆ ನಿಂತು ಊದಿಕೊಂಡ. ಸದ್ದು ಅಲ್ಲಿಂದಲೂ ಬರುತ್ತಿತ್ತು, ಸ್ವಲ್ಪ ಮಣ್ಣು ಮೆತ್ತಿದಂತೆ.

ಇಷ್ಟಾದರೂ ಮನೆ ತಣ್ಣಗಾಗಲಿಲ್ಲ. ಊದುವ ತುದಿ ಸಲೀಸಾಗಿ ಕೂರಲೆಂದು ವಾದ್ಯದ ಕತ್ತಿನ ಬಿರಡೆಗೆ ಸವರಲು ಅವನು ಕಸಾಯಿಯವನಿಂದ ಕುರಿಕೊಬ್ಬು ತಂದು ಪುಟ್ಟ ಡಬ್ಬಿಯಲ್ಲಿ ಇಟ್ಟುಕೊಂಡಿದ್ದ. ಚಳಿಗೆ ಅದು ಕಲ್ಲಾಗುತ್ತದೆಂದು ಒಂದು ದಿನ ನಮ್ಮ ಒಲೆಯ ಕಟ್ಟೆಯ ಮೂಲೆಯಲ್ಲಿ ಇಟ್ಟ, ಇಟ್ಟದ್ದನ್ನು ಮರೆತ. ಅತ್ತೆ ಅದನ್ನು ಮಂಡಿನೋವಿನ ಮುಲಾಮು ಎಂದುಕೊಂಡರು. ರಾತ್ರಿ ಮಲಗುವ ಮುಂಚೆ ಎರಡು ಮೊಣಕಾಲಿಗೂ ಚೆನ್ನಾಗಿ ತಿಕ್ಕಿಕೊಂಡರು, ಹಣೆಗೂ ಸ್ವಲ್ಪ ಹಚ್ಚಿಕೊಂಡರು. ಬೆಳಿಗ್ಗೆ ನೋವು ಕಡಿಮೆಯಾಗಿದೆ, ಹುಡುಗ ಒಳ್ಳೆಯ ಮದ್ದು ತಂದಿದ್ದಾನೆ ಎಂದು ಹೊಗಳಿದರು. ನಾನು ಮೈಸೂರು ಬಿಟ್ಟು ಬಂದ ಮೇಲೆ ಅವರ ಬಾಯಿಂದ ನನ್ನ ತವರಿನವರ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ನಾನು ಸುಮ್ಮನಿರು ಎಂದು ಕಣ್ಸನ್ನೆ ಮಾಡುತ್ತಿದ್ದೆ. ಈ ಮಹಾನುಭಾವ ಡಬ್ಬಿ ನೋಡಿ, ‘ಅಯ್ಯೋ ಅದು ಕುರಿಯದು’ ಎಂದುಬಿಟ್ಟ. ಆ ಚಳಿಯಲ್ಲಿ ಅತ್ತೆ ತಲೆಯ ಮೇಲೆ ಎಷ್ಟು ಕೊಡ ನೀರು ಸುರಿದುಕೊಂಡರೋ, ನಾನು ಎಷ್ಟು ಸಲ ನೆಲ ಸಾರಿಸಿದೆನೋ! ಯಜಮಾನರು ನಗು ತಡೆಯಲಾರದೆ ಮಂಡಿಗೆ ಓಡಿಹೋದರು. ಬೈಗುಳವೆಲ್ಲ ನನ್ನ ಪಾಲಿಗೆ.

ಸೀಸನ್ ಶುರುವಾಯಿತು. ನೀಲಿ ಗುಡ್ಡಗಳ ತುಂಬ ಮೋಟಾರುಗಳು, ಕುದುರೆಗಳು, ಟೋಪಿಯ ದೊರೆಸಾನಿಯರು. ನಂಜುಂಡ ಬಿಳಿಯ ಕೋಟು ತೊಟ್ಟು, ಕತ್ತಿಗೆ ಚಿಟ್ಟೆಯಂಥದೊಂದು ಕಟ್ಟಿಕೊಂಡು ಹೋಗುತ್ತಿದ್ದ. ಎದೆಯ ಮೇಲಿನ, ಲಿಂಗವಿಡುವ ಬೆಳ್ಳಿಯ ಕರಡಿಗೆ ವಾದ್ಯಕ್ಕೆ ತಗಲಿ ಟಿಣ್ ಎನ್ನುತ್ತದೆಂದು ಫರ್ನಾಂಡಿಸರು ಹೇಳಿದ್ದರಂತೆ. ಲಿಂಗ ತೆಗೆದಿಟ್ಟನೇನೋ ಎಂದು ಹೆದರಿದೆ. ಕೇಳಿದರೆ ಅಂಗಿ ಬಿಚ್ಚಿ ತೋರಿಸಿದ. ಕರಡಿಗೆ ಬಿಟ್ಟು, ವಸ್ತ್ರದಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿಕೊಂಡಿದ್ದ. ಆ ಒಂದು ವಿಷಯದಲ್ಲಿ ನಾನು ಅವನನ್ನು ಬೈಯಲಿಲ್ಲ.

ಒಂದು ದಿನ ತಿಂಡಿಗೆ ಕೂತವನು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. ಏನೋ ಇದೆ ಎಂದು ಗೊತ್ತಾಯಿತು. ಕಡೆಗೆ ಹೇಳಿದ. ಅಲ್ಲಿ ಬ್ಯಾಂಡಿನವರ ಹೆಸರುಗಳನ್ನು ಬೋರ್ಡಿನ ಮೇಲೆ ಬರೆದಿದ್ದಾರಂತೆ. ಇವನನ್ನು ಎನ್. ಡಂಡಾಸ್ ಎಂದು ಬರೆದಿದ್ದಾರಂತೆ. ನಂಜುಂಡನ ಬಾಲ ಹಿಡಿದು ಎಳೆದು ದೊರೆಯನ್ನಾಗಿ ಮಾಡಿದ್ದರು. ದುಡ್ಡು ಕೊಟ್ಟು ಕುಣಿಯುವವರಿಗೆ ನಮ್ಮವರು ಬಾರಿಸಿದರೆ ಸರಿಹೋಗುವುದಿಲ್ಲವಂತೆ. ಇವನ ಬಣ್ಣ ನನಗಿಂತ ತಿಳಿ, ಮೂಗು ಅಪ್ಪನದು. ಅಜ್ಜ ದೊರೆ, ಅಜ್ಜಿ ಈ ಕಡೆಯವಳು ಎಂದು ಮ್ಯಾನೇಜರು ನಂಬಿದ್ದನಂತೆ.

ನನ್ನ ಅಜ್ಜ ಗುಂಡ್ಲುಪೇಟೆಯಲ್ಲಿ ಎತ್ತು ಕಟ್ಟಿದವರು. ಅವರನ್ನು ದೊರೆ ಮಾಡಿದ್ದಕ್ಕೆ ನಾನು ನಗಲೋ ಅಳಲೋ ಎನ್ನುವಷ್ಟರಲ್ಲಿ ಇವನು ಮುಖ್ಯ ಮಾತಿಗೆ ಬಂದ.

“ಅಕ್ಕ, ತರಕಾರಿ ಕೊಡೋಕೆ ಅಂತ ಯಾವಾಗ್ಲಾದ್ರೂ ನೀನು ಅಲ್ಲಿಗೆ ಬಂದ್ರೆ... ನನ್ನ ಮಾತಾಡಿಸ್ಬೇಡ.”

“ನಿನ್ನ ಮಾತಾಡಿಸೋಕೆ ನಾನ್ಯಾಕೆ ಬರ್ಲಿ? ಮನೇಲಿ ಮಾತಾಡ್ಸೋದೇ ಸಾಕಾಗಿದೆ ನಂಗೆ” ಎಂದೆ.

ಅಷ್ಟು ಹೇಳಿ ಒಳಗೆ ಹೋದರೂ ಆ ದಿನವೆಲ್ಲ ಪಾತ್ರೆ ಕುಕ್ಕಿದೆ. ಯಜಮಾನರು ಸಮಾಧಾನ ಹೇಳಿದರು. ಸಿನಿಮಾ ಕೆಲಸ ಹೋದ ಮೇಲೆ ಹುಡುಗ ಎಷ್ಟು ಅಲೆದಿದ್ದಾನೆ, ಮೂರು ತಿಂಗಳ ಹೆಸರು ತಾನೇ, ಕಳೆದುಹೋಗಲಿ ಎಂದರು. ಹೌದು ಎನಿಸಿತು. ನಾನು ಗಟ್ಟಿ ಮನಸ್ಸು ಮಾಡಿದೆ. ಎದುರಿಗೆ ಸಿಕ್ಕರೂ ಗುರುತಿಲ್ಲದವಳ ಹಾಗೆ ಮುಖ ತಿರುಗಿಸಿ ನಡೆದುಬಿಡುವುದು. ಅದೇನು ಮಹಾ ಕಷ್ಟ!

ಅವನಿಗೆ ಹೆಸರು ಬಂತು. ಬೆಟ್ಟದ ಕೆಳಗಿನಿಂದ ಬಂದವರೂ ಡಂಡಾಸನ ವಾದ್ಯ ಕೇಳಬೇಕೆನ್ನುತ್ತಿದ್ದಾರೆ ಎಂದು ಹೋಟೆಲಿನ ಅಡಿಗೆಯವರು ಯಜಮಾನರ ಹತ್ತಿರ ಹೇಳುತ್ತಿದ್ದರು. ಮುಂದಿನ ಚಳಿಗಾಲಕ್ಕೆ ಮದರಾಸಿನ ಹೋಟೆಲಿಗೂ ಇದೇ ಬ್ಯಾಂಡು ಎಂದು ಮಾತಾಗಿತ್ತು. ಒಂದಷ್ಟು ಹಣ ಕೂಡಿದರೆ ಮದುವೆ ಮಾಡಬಹುದು, ಇವನೂ ಒಬ್ಬ ಮನುಷ್ಯನಾಗುತ್ತಾನೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕತೊಡಗಿದ್ದೆ.

ಅಷ್ಟರಲ್ಲಿ ಯಜಮಾನರು ಮಂಡಿಯ ಮೆಟ್ಟಿಲಿಂದ ಜಾರಿ ಕಾಲು ಉಳುಕಿಸಿಕೊಂಡರು. ಆವತ್ತು ಹೋಟೆಲಿನಲ್ಲಿ ಮಧ್ಯಾಹ್ನದ ಚಹಾ ಮತ್ತು ಕುಣಿತ; ಸ್ಟ್ರಾಬೆರಿ ಬೇಕೇಬೇಕೆಂದು ಬಟ್ಲರ್ ಹೇಳಿ ಕಳಿಸಿದ್ದ. ಕೂಲಿಯವನ ಮೂಟೆಯಲ್ಲಿ ಅದನ್ನು ಹಾಕಿದರೆ ರಸವಾಗಿ ಹೋಗುತ್ತದೆ. ಮೂಟೆ ಅವನು ಹೊತ್ತ, ಹಣ್ಣಿನ ಕುಕ್ಕೆ ಸೊಂಟಕ್ಕಿಟ್ಟುಕೊಂಡು ನಾನು ಹೊರಟೆ. ದಾರಿಯಲ್ಲೇ ಮಳೆ ಹನಿಯಿತು. ಅಡಿಗೆಮನೆಗೆ ಹೋಗುವ ಕಾಲುದಾರಿ ದೊಡ್ಡ ಜಗಲಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಮಳೆಗೆ ಹೆದರಿ ದೊರೆಗಳೆಲ್ಲ ಹುಲ್ಲುಹಾಸಿನಿಂದ ಜಗಲಿಗೆ ಹತ್ತಿದ್ದರು. ಕುಣಿತ ಅಲ್ಲೇ ನಡೆದಿತ್ತು. ಕೂಲಿಯವನು ಮುಂದೆ ಹೋಗಿಬಿಟ್ಟಿದ್ದ. ನಾನು ಸೆರಗು ತಲೆಗೆ ಎಳೆದು, ಕಣ್ಣೆತ್ತದೆ, ಕಲ್ಲುಮೆಟ್ಟಿಲು ಇಳಿಯತೊಡಗಿದೆ.

ಆಗ ಸ್ಯಾಕ್ಸೊಫೋನ್ ಒಂದೇ ಎದ್ದು ನುಡಿಯಿತು. ಬೇರೆ ವಾದ್ಯಗಳು ಹಿಂದೆ ಸರಿದು ತಾಳ ಹಾಕುತ್ತಿದ್ದವು. ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನನ್ನ ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ನಮ್ಮಮ್ಮ ಹೇಳಿದ ಹಾಡು ಅದು. ನನ್ನ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, ಮುಂದೆ ಹಾಡಲಾರದೆ, ಎರಡನೆಯ ಸಾಲಿನಲ್ಲಿ ನಿಲ್ಲಿಸಿಬಿಟ್ಟಿದ್ದರು. ಇವನು ಆ ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿ, ಅಮ್ಮನ ಉಸಿರೆಳೆತವನ್ನೂ ಬಿಡದೆ, ಮತ್ತೆ ಹಿಡಿದು ಮುಂದಕ್ಕೆ ಒಯ್ದ. ಉಗ್ರಾಣದಲ್ಲಿ ಅಷ್ಟು ದಿನ ಎಳೆದ ಒಂದೊಂದು ಸ್ವರವೂ ಅದರಲ್ಲಿತ್ತು. ಅಮ್ಮ ತೀರಿಹೋಗಿ ಆಗ ಬಹಳ ವರ್ಷಗಳಾಗಿರಲಿಲ್ಲ.

ನನಗೆ ಬಂದದ್ದು ಅಳುವಲ್ಲ, ಉರಿ. ಆ ಹಾಡಿಗೆ ಒಬ್ಬ ಕೆಂಪು ಮುಖದ ದೊರೆ ಒಬ್ಬಳ ಸೊಂಟ ಹಿಡಿದು ಗಿರಕಿ ಹೊಡೆಯುತ್ತಿದ್ದ. ಅವಳು ನಗುತ್ತಿದ್ದಳು. ನಾನು ಕುಕ್ಕೆ ಹಿಡಿದು ಮಳೆಯಲ್ಲಿ ನೋಡುತ್ತ ನಿಂತೆ. ಮೇಲಿಂದ ಬಟ್ಲರ್ ನನ್ನನ್ನು ಕಂಡು, ಇಲ್ಲಿ ನಿಲ್ಲಬೇಡ ನಡಿ ಎಂದು ತಮಿಳಿನಲ್ಲಿ ಗದರಿದ. ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟೆ. ಪಾಚಿ ಕಟ್ಟಿದ ಕಲ್ಲು. ಮೆಟ್ಟಿಲ ಮೇಲಿಂದ ಕೆಳಗೆ ಉರುಳಿದೆ. ಸ್ಟ್ರಾಬೆರಿಯೆಲ್ಲ ನೆಲದ ಪಾಲಾಯಿತು. ಬಲಗೈಯಲ್ಲಿ ಲಟಕ್ಕೆಂದು ಸದ್ದಾಯಿತು.

ನೋವಿನಲ್ಲೂ ನನಗೆ ಮೊದಲು ಹೊಳೆದದ್ದು, ಎದ್ದು ಹೊರಟುಬಿಡಬೇಕು ಎಂದೇ. ತರಕಾರಿಯವಳೊಬ್ಬಳು ಬಿದ್ದರೆ ಅಲ್ಲಿ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಎಡಗೈ ಊರಿ ಅರ್ಧ ಎದ್ದೂ ಇದ್ದೆ. ಅಷ್ಟರಲ್ಲಿ ಹಾಡು ನಿಂತಿತು. ಮುಗಿದು ನಿಂತದ್ದಲ್ಲ, ನಡುವೆ ಕತ್ತರಿಸಿದಂತೆ ನಿಂತಿತು.

“ಅಕ್ಕಾ! ಕೈ ಊರ್ಬೇಡ, ಊರ್ಬೇಡ.”

ಬಿಳಿಯ ಕೋಟಿನಲ್ಲಿ, ಕತ್ತಿನಲ್ಲಿ ಆ ಹಿತ್ತಾಳೆ ತೂಗಾಡಿಸಿಕೊಂಡು, ಕುಣಿಯುವವರ ನಡುವೆ ನುಗ್ಗಿ ಮೆಟ್ಟಿಲಿಳಿದು ಬಂದ. ನಾನು ಹಲ್ಲುಕಚ್ಚಿ, ಹೋಗೋ ಒಳಕ್ಕೆ, ನೀನು ಯಾರೋ ನಾನು ಯಾರೋ ಎಂದು ಪಿಸುಗುಟ್ಟಿದೆ. ಅವನಿಗೆ ಕೇಳಿಸಲೇ ಇಲ್ಲ. ಮಂಡಿಯೂರಿ ಕೂತು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬಿಳಿಯ ಷರಾಯಿಯ ತುಂಬ ಕೆಂಪು ಹಣ್ಣಿನ ರಸ.

ಮ್ಯಾನೇಜರು ಬಂದ. ಇದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ್ದು ನನಗೂ ತಿಳಿಯಿತು. ಇವನು ‘ಮೈ ಸಿಸ್ಟರ್’ ಎಂದ. ಊಟಿಯಲ್ಲಿ ಆಸ್ಪತ್ರೆಯ ನರ್ಸಮ್ಮಂದಿರನ್ನೂ ಕ್ರೈಸ್ತ ಮಠದ ಬಿಳಿ ಬಟ್ಟೆಯವರನ್ನೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಶಿವನೇ, ಈ ಮ್ಯಾನೇಜರು ನನ್ನನ್ನು ನರ್ಸೆಂದೋ ಸನ್ಯಾಸಿನಿಯೆಂದೋ ತಿಳಿದುಕೊಳ್ಳಲಿ ಎಂದು ಬೇಡಿಕೊಂಡೆ. ಮ್ಯಾನೇಜರಿಗೂ ಅನುಮಾನ ಬಂದಿರಬೇಕು, ಇನ್ನೊಂದು ಸಲ ಕೇಳಿದ. ತಪ್ಪಿಸಿಕೊಳ್ಳಲು ದೇವರೇ ಕೊಟ್ಟ ಅವಕಾಶ ಅದು. ಈ ಪುಣ್ಯಾತ್ಮ ಬಿಡಿಸಿ ಬಿಡಿಸಿ, ತನ್ನ ಸ್ವಂತ ಅಕ್ಕ, ಒಂದೇ ತಾಯಿಯ ಮಕ್ಕಳು ಎಂದು ಹೇಳಿದ. ಅಷ್ಟೂ ಜನ ಜಗಲಿಯ ಅಂಚಿನಲ್ಲಿ ಚಹಾ ಬಟ್ಟಲು ಹಿಡಿದು ನೋಡುತ್ತಿದ್ದರು.

ಮಾರನೆಯ ದಿನ ಫರ್ನಾಂಡಿಸರು ಮನೆಗೆ ಬಂದರು. ದಪ್ಪನೆಯ ಮನುಷ್ಯರು, ಒಳ್ಳೆಯವರು. ನನ್ನ ಕೈಗೆ ಹಾಕಿದ ಕಟ್ಟು ನೋಡಿ ಮರುಗಿದರು. ಆಮೇಲೆ ನಂಜುಂಡನ ಕಡೆ ತಿರುಗಿದರು.

“ಎಂತ ಮಾಡಿದ್ದು ಮಾರಾಯ ನೀನು? ಮನೆಯ ಆಯಾ ಅಂತ ಹೇಳಬಹುದಿತ್ತಲ್ಲ. ಗುರುತಿನವರು ಅಂದಿದ್ದರೂ ಸಾಕಿತ್ತು.”

ಹೋಟೆಲಿನ ಕೆಲಸ ಹೋಗಿತ್ತು. ಮ್ಯಾನೇಜರು ಕೂಗಾಡಲಿಲ್ಲವಂತೆ. ಡಂಡಾಸ್ ಬಾರಿಸುವುದು ಬಹಳ ಚಂದ, ಆದರೆ ಬರುವವರು ತಾವು ಮೋಸಹೋದೆವು ಎಂದುಕೊಳ್ಳುತ್ತಾರೆ ಎಂದನಂತೆ. ಮದರಾಸಿನ ಮಾತೂ ಬಿದ್ದುಹೋಯಿತು. ಫರ್ನಾಂಡಿಸರು ನಾಲ್ಕು ಸಲ ನಿಟ್ಟುಸಿರು ಬಿಟ್ಟು, ಕಾಫಿ ಕುಡಿದು, ಎಲ್ಲಾದರೂ ಜಾಗ ನೋಡುತ್ತೇನೆ ಎಂದು ಹೇಳಿ ಹೋದರು.

ಅವರು ಹೋದ ಮೇಲೆ ನಾನು ಅವನಿಗೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಅಮ್ಮನ ಹಾಡಿಗೆ ಒಂದು ಪಾಲು, ಕೆಲಸ ಕಳೆದುಕೊಂಡದ್ದಕ್ಕೆ ಮೂರು ಪಾಲು. ಹಾಡಿನ ವಿಷಯಕ್ಕೆ ಮಾತ್ರ ಅವನು ಬಾಯಿಬಿಟ್ಟ. ಹೋಟೆಲಿನ ಅವವೇ ಹಾಡುಗಳನ್ನು ಬಾರಿಸಿ ಬೇಜಾರಾಗಿತ್ತಂತೆ. ಕಣ್ಣು ಮುಚ್ಚಿದಾಗ ಅದು ತಾನಾಗಿ ಬಂತಂತೆ.

ಮಳೆ ಹಿಡಿಯಿತು. ಸೀಸನ್ನಿನವರು ಇಳಿದುಹೋದರು. ಗುಡ್ಡಗಳು ಮಂಜಿನೊಳಗೆ ಹೊಕ್ಕವು. ನನ್ನ ಬಲಗೈ ಕಟ್ಟಿನಲ್ಲಿದ್ದುದರಿಂದ ಅಡಿಗೆ ನಂಜುಂಡನ ತಲೆಗೆ ಬಂತು. ಅತ್ತೆ ಮಣೆ ಹಾಕಿಕೊಂಡು ಎದುರಿಗೆ ಕೂತು, ಉಪ್ಪಿಗೊಂದು ಮಾತು, ಒಗ್ಗರಣೆಗೊಂದು ಮಾತು ಹೇಳಿ ಮಾಡಿಸುತ್ತಿದ್ದರು. ರೊಟ್ಟಿ ತಟ್ಟುವಾಗ ಅವನ ಬೆರಳುಗಳು ಎಲ್ಲೆಲ್ಲೋ ಓಡುತ್ತಿದ್ದವು. ಮಧ್ಯಾಹ್ನ ಭಾವನ ಜೊತೆ ಮಂಡಿಯಲ್ಲಿ ಮೊಳಕೆ ಬಂದ ಆಲೂಗಡ್ಡೆ ಆರಿಸಿ ಬೇರೆ ಮಾಡುತ್ತಿದ್ದ. ಪೆಟ್ಟಿಗೆ ಮೂಟೆಗಳ ಮೇಲೆ ಹಾಗೆಯೇ ಬಿದ್ದಿತ್ತು. ಅದನ್ನು ಅವನು ತೆರೆಯಲಿಲ್ಲ. ಒಂದು ಮಾತಾಡಿದರೆ ಅರ್ಧ ಉತ್ತರ. ಊದಿದಾಗ ತಲೆ ಚಿಟ್ಟುಹಿಡಿಸಿದವನು ಊದದೆಯೂ ಚಿಟ್ಟುಹಿಡಿಸಬಲ್ಲ ಎಂದು ನನಗೆ ಆಗ ಗೊತ್ತಾಯಿತು. ಆ ಸುಮ್ಮನಿರುವಿಕೆಯಲ್ಲಿ ಮನೆ ಇನ್ನಷ್ಟು ತಣ್ಣಗಾಗಿತ್ತು. ಹಾಲು ತಂದ ಮಾದಿಯಕ್ಕನೂ ಉಗ್ರಾಣದ ಕಡೆ ಕತ್ತು ಚಾಚಿ ನೋಡಿ ಹೋಗುತ್ತಿದ್ದಳು.

ಕಡೆಗೆ ತಡೆಯಲಾರದೆ ಹೋದವರು ಅತ್ತೆ. ಒಂದು ಸಂಜೆ ಪೂಜೆ ಮುಗಿಸಿ, ವಿಭೂತಿ ಹಣೆಯಲ್ಲೇ ಹಸಿಯಿರುವಾಗ, ಒಲೆಯ ಮುಂದೆ ಕೂತಿದ್ದವನ ಎದುರಿಗೆ ಬಂದು ನಿಂತರು.

“ಅದೇನೋ ನಿನ್ನ ಕೊಳವೆ, ಸತ್ತೋಯ್ತಾ?”

“ಇಲ್ಲ ಅತ್ತೆಮ್ಮ.”

“ಮತ್ತೆ ಊದು. ಇಲ್ಲೇ ತಂದು ಊದು. ಸೂತಕದ ಮನೆ ತರ ಇರೋದು ನನ್ನ ಕೈಲಾಗಲ್ಲ.”

ನಾನು ಬೆರಗಾಗಿ ಯಜಮಾನರ ಮುಖ ನೋಡಿದೆ. ಅವರು ಕಾಲು ನೀವಿಕೊಳ್ಳುವುದನ್ನು ನಿಲ್ಲಿಸಿದರು. ನಂಜುಂಡ ಪೆಟ್ಟಿಗೆ ತಂದ. ವಾದ್ಯ ಜೋಡಿಸಿದ. ನಡುಮನೆಯಲ್ಲಿ, ದೇವರ ಗೂಡಿಗೆ ಕೊಂಚ ಬೆನ್ನು ಮಾಡಿ ನಿಂತು ಬಹಳ ಹೊತ್ತು ಊದಿದ. ಯಾವ ಹಾಡು ಎಂದು ಹೇಳಲು ನನಗೆ ಬಾರದು. ದೊರೆಗಳದ್ದೂ ಅಲ್ಲ, ನಮ್ಮದೂ ಅಲ್ಲ. ಏರಿ, ಜಾರಿ, ತಪ್ಪಿದೆ ಎನ್ನುವಷ್ಟರಲ್ಲಿ ದಾರಿ ಹಿಡಿದು ಬರುತ್ತಿತ್ತು. ಅತ್ತೆ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದರು. ಮುಗಿದ ಮೇಲೆ, ಅಲ್ಲಲ್ಲಿ ಚೆನ್ನಾಗಿದೆ ಎಂದರು. ಎದ್ದು ಹೋಗಿ ಗೋಮೂತ್ರ ಚಿಮುಕಿಸಿ ನೆಲ ಒರೆಸಲು ಅವನಿಗೇ ಹೇಳಿದರು.

ಗೌರಿ ಹಬ್ಬಕ್ಕೆ ಅವನು ನಮ್ಮಲ್ಲೇ ಇದ್ದ. ತವರಿನ ಬಾಗಿನವನ್ನು ಊಟಿಯ ಪೇಟೆಯಲ್ಲೇ ಕೊಂಡು ನಮ್ಮ ಉಗ್ರಾಣದಲ್ಲಿಟ್ಟು, ಅಲ್ಲಿಂದ ಎತ್ತಿ ತಂದು ನನಗೇ ಕೊಟ್ಟ. ಹಬ್ಬ ಕಳೆದು ಕೆಲವು ದಿನಕ್ಕೆ ಫರ್ನಾಂಡಿಸರಿಂದ ಸುದ್ದಿ ಬಂತು. ಕಲ್ಕತ್ತೆಯ ಹೋಟೆಲೊಂದರಲ್ಲಿ ಕೆಲಸವಿದೆ. ಅಲ್ಲಿಯೂ ಡಂಡಾಸನಾಗಿಯೇ ಬರಬೇಕು. ಹೋಗಬೇಕೋ ಬೇಡವೋ ಎಂದು ಇವನು ತೂಗುತ್ತ ಕೂತ. ಕಲ್ಕತ್ತೆಯಲ್ಲಿ ಯಾರೂ ಸ್ಟ್ರಾಬೆರಿ ಹೊತ್ತು ಬರುವುದಿಲ್ಲ, ತೆಪ್ಪಗೆ ಹೋಗು ಎಂದು ನಾನೇ ಹೊರಡಿಸಿದೆ.

ಅವನು ಹೋದ. ಆಮೇಲೆ ಕಲ್ಕತ್ತೆ, ಕೊಲಂಬೊ, ಮುಂಬಯಿ ಎಂದು ಹೆಸರು ಮಾಡಿದ. ಎಷ್ಟೋ ವರ್ಷ ಬಾರಿಸಿ, ಹಲ್ಲು ಸಡಿಲವಾದ ಮೇಲೆ ಮೈಸೂರಿಗೆ ಬಂದು ಮದುವೆ ಬ್ಯಾಂಡಿನ ಹುಡುಗರಿಗೆ ಪಾಠ ಹೇಳಿದ. ಅವನನ್ನು ಮೆಚ್ಚಿ ಮಾತಾಡುವವರು ಇವತ್ತಿಗೂ ಸಿಗುತ್ತಾರೆ. ನನಗೆ ಮಾತ್ರ ಅವನೆಂದರೆ ಆ ವರ್ಷದ ರೈಲ್ವೆ ಸ್ಟೇಷನ್ನಿನ ಬೆಳಗು.

ಮೆಟ್ಟುಪಾಳ್ಯಕ್ಕೆ ಹೋಗುವ ಪುಟ್ಟ ರೈಲು ಹೊಗೆಯುಗುಳುತ್ತ ನಿಂತಿತ್ತು. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದ. ಅತ್ತೆ ಕಟ್ಟಿಕೊಟ್ಟ ಬುತ್ತಿ ಪಕ್ಕದಲ್ಲಿತ್ತು. ಅಷ್ಟು ತಿಂಗಳು ಬೈದರೂ ನಾನು ಒಂದು ಮಾತನ್ನು ಕೇಳಿರಲಿಲ್ಲ. ಕೇಳದೆ ಕಳಿಸಲು ಮನಸ್ಸಾಗಲಿಲ್ಲ.

“ನಾನು ಎದ್ದು ಹೋಗ್ತಿದ್ದೆ ಕಣೋ. ಅರ್ಧ ಎದ್ದಿದ್ದೆ. ನಿನ್ನ ಪಾಡಿಗೆ ನೀನು ಊದ್ತಾ ಇರ್ಬಾರ್ದಿತ್ತಾ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಇಷ್ಟೂ ತಿಳಿಯದೆ ಇಷ್ಟು ದಿನ ಬೈದಳಲ್ಲ ಎನ್ನುವ ಹಾಗೆ.

“ನೀನು ಬಿದ್ದಾಗ ಉಸಿರು ನಿಂತೋಯ್ತು ಅಕ್ಕ. ಉಸಿರಿಲ್ದೆ ಹೆಂಗೆ ಊದ್ಲಿ?”

ರೈಲು ಕೂಗಿತು. ಗಾಡಿ ಕದಲಿತು, ಅವನು ಕೈ ಬೀಸಿದ. ನಾನು ಏನಾದರೂ ಹೇಳಬೇಕಿತ್ತು. ಆ ಸೀಸನ್ನಿನ ಉದ್ದಕ್ಕೂ, ಬಾಯಿ ತೆರೆದರೆ ಬೈಗುಳಕ್ಕೆ ಬರವಿರಲಿಲ್ಲ. ಆವತ್ತು ಪ್ಲಾಟ್‌ಫಾರಂ ಖಾಲಿಯಾಗುವವರೆಗೆ ನಿಂತು ಒಂದು ಬೈಗುಳ ಹುಡುಕಿದೆ. ಅಂಥ ಮಾತಿಗೆ ಏನಂತ ಬೈಯುವುದು?